ಸ್ಪೇನಿನವರು ಬರುವ ಮುನ್ನ

ಆಯುಧಪೂಜೆಯ ದಿನ ಚೆಂಡುಹೂವಿನ ಹಾರವಿಲ್ಲದ ಬಾಗಿಲಾಗಲಿ, ಬಂಡಿಯಾಗಲಿ ನಮ್ಮ ಊರುಗಳಲ್ಲಿ ಸಿಕ್ಕುವುದು ಕಷ್ಟ. ಮದುವೆಯ ಮಂಟಪದಲ್ಲಿ ವಧೂವರರು ಬದಲಾಯಿಸಿಕೊಳ್ಳುವ ಹಾರದಲ್ಲಿ ಸುಗಂಧರಾಜವಿರುತ್ತದೆ. ಅಡುಗೆಮನೆಗೆ ಹೋದರೆ ಸಾರಿಗೆ ಟೊಮೇಟೊ, ಒಗ್ಗರಣೆಗೆ ಮೆಣಸಿನಕಾಯಿ. ಹಿತ್ತಿಲಲ್ಲಿ ಪರಂಗಿಯ ಗಿಡ. ಮಳೆಗಾಲದ ಸಂಜೆ ಬೀದಿಯ ಮೂಲೆಯಲ್ಲಿ ಕೆಂಡದ ಮೇಲೆ ಸುಡುವ ಮುಸುಕಿನ ಜೋಳ. ಇವುಗಳಲ್ಲಿ ಯಾವುದನ್ನೂ ನಾವು ಪರದೇಶದ್ದೆಂದು ಎಣಿಸುವುದಿಲ್ಲ. ಆದರೂ ಆರು ನೂರು ವರ್ಷಗಳ ಹಿಂದೆ ಇವುಗಳಲ್ಲಿ ಒಂದೂ ಕನ್ನಡನಾಡಿನಲ್ಲಿ ಇರಲಿಲ್ಲ. ಇವೆಲ್ಲವೂ ಮೆಕ್ಸಿಕೊ ಮತ್ತು ಅದರ ನೆರೆನಾಡುಗಳ ರೈತರು ತಲೆಮಾರುಗಳ ಕಾಲ ಸಾಕಿ ಬೆಳೆಸಿದ ಗಿಡಗಳು. ಪೋರ್ಚುಗೀಸರೇ ಮೊದಲಾದ ಐರೋಪ್ಯರ ಹಡಗುಗಳನ್ನೇರಿ ನಮ್ಮ ಕರಾವಳಿಗೆ ಬಂದಿಳಿದವು.

ನಮ್ಮ ಹಿರಿಯರು ಈ ಅತಿಥಿಗಳಿಗೆ ಹೆಸರಿಟ್ಟ ಬಗೆಯೂ ಸ್ವಾರಸ್ಯವಾಗಿದೆ. ಖಾರದ ಕಾಯಿಗೆ ತಮಗೆ ಮೊದಲೇ ತಿಳಿದಿದ್ದ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಕೊಲಂಬಸನ ಕಡೆಯವರೂ ಅದೇ ಕಾಯಿಯನ್ನು ಕಂಡು ತಮ್ಮ ಭಾಷೆಯ ಮೆಣಸಿನ ಹೆಸರನ್ನೇ ಅದಕ್ಕೆ ಅಂಟಿಸಿದ್ದರು. ಪರಂಗಿಯ ಹಣ್ಣು ತನ್ನನ್ನು ತಂದ ಪರಂಗಿಯವರ ಗುರುತನ್ನು ಹೆಸರಿನಲ್ಲೇ ಹೊತ್ತಿದೆ. ಟೊಮೇಟೊ ಮಾತ್ರ ತನ್ನ ತವರಿನ ಹೆಸರನ್ನು ಬಿಟ್ಟುಕೊಡಲಿಲ್ಲ. ಅದು ಇಂಗ್ಲಿಷಿನ ಮಾತೂ ಅಲ್ಲ, ಸ್ಪ್ಯಾನಿಷಿನ ಮಾತೂ ಅಲ್ಲ. ಮೆಕ್ಸಿಕೊದ ನಾವಾಟ್ಲ್ ಭಾಷೆಯ ‘ಟೊಮಾಟ್ಲ್’. ಚಿಲ್ಲಿ, ಚಾಕೊಲೇಟ್, ನಾವು ಬೆಣ್ಣೆಹಣ್ಣೆನ್ನುವ ಅವಕಾಡೊ—ಇವೂ ಅದೇ ಭಾಷೆಯಿಂದ ಹೊರಟು ಲೋಕ ಸುತ್ತಿದ ಮಾತುಗಳು.

ಹೀಗೆ ಒಂದು ಜನಾಂಗ ನಮ್ಮ ತಟ್ಟೆಗೂ ಹಾರಕ್ಕೂ ಮಾತಿಗೂ ಸೇರಿಹೋಗಿದೆ. ಆದರೆ ಆ ಜನ ಯಾರು, ಹೇಗಿದ್ದರು ಎಂದು ಕೇಳಿದರೆ ನಮ್ಮಲ್ಲಿ ಓದಿದವರಿಗೂ ಎರಡೇ ಸಂಗತಿಗಳು ನೆನಪಿಗೆ ಬರುತ್ತವೆ: ಒಂದು ಚಿನ್ನ, ಇನ್ನೊಂದು ನರಬಲಿ. ಎರಡೂ ಅವರನ್ನು ಗೆದ್ದವರು ಬರೆದಿಟ್ಟ ಸಂಗತಿಗಳು. ನಾನು ವೃತ್ತಿಯಿಂದ ಕನ್ನಡದ ಅಧ್ಯಾಪಕ. ಕಾಲೇಜಿನ ಪುಸ್ತಕಭಂಡಾರದಲ್ಲಿ 1843ರಲ್ಲಿ ಪ್ರಕಟವಾದ ಪ್ರೆಸ್ಕಾಟನ ಮೆಕ್ಸಿಕೊ ವಿಜಯದ ಇತಿಹಾಸವನ್ನು ಕಾದಂಬರಿಯಂತೆ ಓದಿದವನು. ಬಹಳ ಮಂದವಾದ ಕಣ್ಣುಗಳಿಂದ, ಮೆಕ್ಸಿಕೊವನ್ನು ಒಮ್ಮೆಯೂ ಕಾಣದೆ, ಆತ ಅಷ್ಟು ದೊಡ್ಡ ಗ್ರಂಥವನ್ನು ರಚಿಸಿದ್ದು ಸಾಹಸವೇ ಸರಿ. ಆದರೆ ಅದರ ಆಸರೆ ಮುಖ್ಯವಾಗಿ ಸ್ಪ್ಯಾನಿಷ್ ದಾಖಲೆಗಳು. ಆಮೇಲೆ ಬಂದ ವಿದ್ವಾಂಸರು ಆ ಜನರ ಸ್ವಂತ ಭಾಷೆಯ ಬರಹಗಳನ್ನು ಓದತೊಡಗಿದ ಮೇಲೆ ಚಿತ್ರ ಬಹುಮಟ್ಟಿಗೆ ಬದಲಾಗಿದೆ. ಆ ಬದಲಾದ ಚಿತ್ರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹೆಸರಿನ ಗೊಂದಲ

ಮೊದಲು ಹೆಸರು. 1492ರಲ್ಲಿ ಕೊಲಂಬಸ್ ಹೊರಟದ್ದು ನಮ್ಮ ದಿಕ್ಕಿನ ನಾಡುಗಳನ್ನು ಹುಡುಕಿಕೊಂಡು. ಮುಟ್ಟಿದ್ದು ಇನ್ನೊಂದು ಲೋಕವನ್ನು. ಅಲ್ಲಿನವರನ್ನು ಆತ ‘ಇಂಡಿಯನ್ನರು’ ಎಂದು ಕರೆದ. ಹೀಗೆ ನಮಗೆ ಸೇರಿದ ಹೆಸರು, ನಮ್ಮನ್ನು ಕನಸಿನಲ್ಲೂ ಕಂಡಿರದ ಜನಕ್ಕೆ ಐದು ಶತಮಾನ ಅಂಟಿಕೊಂಡಿತು. ಆ ಒಂದು ಹೆಸರಿನ ಕೆಳಗೆ ನೂರಾರು ಭಾಷೆಗಳ ನೂರಾರು ಜನಾಂಗಗಳನ್ನು ಒಟ್ಟುಮಾಡಿ ತುಂಬಿದ್ದಾಯಿತು.

‘ಅಜ್ಟೆಕ್’ ಎಂಬುದೂ ಅಷ್ಟೆ. ಟೆನೊಚ್ಟಿಟ್ಲಾನ್ ನಗರದ ಜನ ತಮ್ಮನ್ನು ಕರೆದುಕೊಳ್ಳುತ್ತಿದ್ದುದು ‘ಮೆಶೀಕ’ ಎಂದು. ಮೆಕ್ಸಿಕೊ ಎಂಬ ಹೆಸರು ಬಂದದ್ದು ಅದರಿಂದ. ತಮ್ಮ ಪೂರ್ವಿಕರು ಉತ್ತರದ ಅಜ್ಟ್ಲಾನ್ ಎಂಬ ಠಾವಿನಿಂದ ಬಂದರೆಂದು ಅವರು ಹೇಳಿಕೊಳ್ಳುತ್ತಿದ್ದ ಕಥೆಯಿಂದ ಈ ಇನ್ನೊಂದು ಹೆಸರು ಹುಟ್ಟಿ, ಹತ್ತೊಂಬತ್ತನೆಯ ಶತಮಾನದಲ್ಲಿ ಹಂಬೋಲ್ಟ್ ಮತ್ತು ಪ್ರೆಸ್ಕಾಟರ ಗ್ರಂಥಗಳಿಂದ ಪ್ರಚಾರಕ್ಕೆ ಬಂತು. ರೂಢಿಯಾಗಿರುವುದರಿಂದ ನಾನೂ ಅದನ್ನು ಬಳಸುತ್ತೇನೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಆ ನಾಡಿನ ನಾಗರಿಕತೆಯೆಂದರೆ ಅಜ್ಟೆಕರದಷ್ಟೇ ಎಂದು ತಿಳಿಯಬಾರದು. ಅವರು ಅಲ್ಲಿ ಕೊನೆಯಲ್ಲಿ ಬಂದವರು. ಕಾಡು ಹುಲ್ಲೊಂದನ್ನು ಪಳಗಿಸಿ ಮುಸುಕಿನ ಜೋಳವನ್ನು ಪಡೆದದ್ದು ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ, ಹೆಸರಿಲ್ಲದ ರೈತರ ಕೈಯಲ್ಲಿ. ಕ್ರಿಸ್ತಪೂರ್ವ ಸಾವಿರದ ಆಚೆಗೇ ಕೊಲ್ಲಿಯ ಕರಾವಳಿಯ ಓಲ್ಮೆಕರು ಆಳೆತ್ತರ ಮೀರಿದ ಕಲ್ಲಿನ ತಲೆಗಳನ್ನು ಕಡೆದರು. ಓವಾಹಾಕದ ಜಾಪೊಟೆಕರು ಮೊಂಟೆ ಆಲ್ಬಾನ್ ಬೆಟ್ಟದ ನೆತ್ತಿಯನ್ನು ಸಮಮಾಡಿ ರಾಜಧಾನಿ ಕಟ್ಟಿದರು. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಲಕ್ಷ ಜನರ ಮಹಾನಗರವಾಗಿದ್ದ ಟಿಯೊಟಿವಾಕಾನ್, ಅಜ್ಟೆಕರು ಆ ನಾಡಿಗೆ ಬರುವಷ್ಟರಲ್ಲಿ ಹಾಳುಬಿದ್ದು ಶತಮಾನಗಳೇ ಕಳೆದಿದ್ದವು. ಅದರ ಸೂರ್ಯನ ಪಿರಮಿಡ್ಡನ್ನು ಕಂಡು ಅವರೂ ಬೆರಗಾಗಿ, ದೇವತೆಗಳಿಗೆ ಸಂಬಂಧಪಟ್ಟ ಠಾವೆಂದು ಅದಕ್ಕೆ ಹೆಸರಿಟ್ಟರು. ಪೂರ್ವದ ಮಾಯಾ ಜನ ಸೊನ್ನೆಯನ್ನು ಬಲ್ಲವರಾಗಿದ್ದರು. ನುಡಿದದ್ದನ್ನೆಲ್ಲ ಬರೆಯಬಲ್ಲ ಸಂಪೂರ್ಣ ಲಿಪಿಯನ್ನು ಹೊಂದಿದ್ದರು. ಪಶ್ಚಿಮದ ಪುರೆಪೆಚ ರಾಜ್ಯವಂತೂ ಅಜ್ಟೆಕರ ಸೈನ್ಯವನ್ನು ಸೋಲಿಸಿ, ಕೊನೆಯವರೆಗೂ ಅವರಿಗೆ ತಲೆಬಾಗದೆ ಉಳಿದುಕೊಂಡಿತು.

ಸರೋವರದ ನಡುವಣ ನಗರ

ಮೆಕ್ಸಿಕೊದ ಎತ್ತರದ ಕಣಿವೆಯಲ್ಲಿ ಆಗ ವಿಸ್ತಾರವಾದ ಸರೋವರಗಳಿದ್ದವು. ನೆಲೆಯಿಲ್ಲದೆ ಅಲೆಯುತ್ತಿದ್ದ ಮೆಶೀಕ ಜನ ಕಳ್ಳಿಯ ಗಿಡದ ಮೇಲೆ ಹದ್ದು ಕುಳಿತಿದ್ದ ಠಾವನ್ನು ಕಂಡು, ಅದೇ ತಮ್ಮ ದೇವರು ತೋರಿದ ನೆಲವೆಂದು ನಿಂತರಂತೆ. ಮೆಕ್ಸಿಕೊದ ಧ್ವಜದ ಮೇಲಿನ ಚಿತ್ರ ಇದೇ ಕಥೆಯದು. ವರ್ಷ ಸಾಂಪ್ರದಾಯಿಕವಾಗಿ 1325. ನಿಜಸ್ಥಿತಿ ಇಷ್ಟು: ಸುತ್ತಲಿನ ಒಳ್ಳೆಯ ನೆಲವೆಲ್ಲ ಬೇರೆಯವರ ವಶದಲ್ಲಿತ್ತು, ಉಳಿದದ್ದು ಜೌಗಿನ ದ್ವೀಪ. ಅದರಲ್ಲಿಯೇ ಅವರು ಎರಡು ಶತಮಾನ ತುಂಬುವುದರೊಳಗೆ ಸುಮಾರು ಎರಡು ಲಕ್ಷ ಜನರು ವಾಸಿಸುತ್ತಿದ್ದರೆಂದು ಅನೇಕ ವಿದ್ವಾಂಸರು ಅಂದಾಜು ಮಾಡುವ ನಗರವನ್ನು ಕಟ್ಟಿದರು.

ಈ ನಗರಕ್ಕೆ ಅನ್ನವಿಟ್ಟದ್ದು ‘ಚಿನಾಂಪ’ ಎಂಬ ವ್ಯವಸಾಯ. ಇದನ್ನು ತೇಲುವ ತೋಟವೆಂದು ಪುಸ್ತಕಗಳಲ್ಲಿ ಬರೆಯುವುದುಂಟು, ಅದು ತೇಲುತ್ತಿರಲಿಲ್ಲ. ಆಳವಿಲ್ಲದ ನೀರಿನಲ್ಲಿ ಜೊಂಡು, ಕೆಸರು, ಕಳೆಗಿಡಗಳನ್ನು ಪದರಪದರವಾಗಿ ಹಾಕಿ ನೀರಿನ ಮಟ್ಟಕ್ಕಿಂತ ತುಸು ಮೇಲಕ್ಕೆ ಉದ್ದುದ್ದನೆಯ ಪಾತಿಗಳನ್ನು ಎಬ್ಬಿಸುತ್ತಿದ್ದರು. ಅಂಚು ಕುಸಿಯದಂತೆ ನೀರು ತಡೆಯುವ ಮರಗಳನ್ನು ನೆಡುತ್ತಿದ್ದರು. ನಡುವಣ ಕಾಲುವೆಗಳಲ್ಲಿ ದೋಣಿ ಓಡಿಸಿ, ತಳದ ಕೆಸರನ್ನೇ ಗೊಬ್ಬರವಾಗಿ ಎತ್ತಿ ಹಾಕುತ್ತಿದ್ದರು. ಹೀಗೆ ವರ್ಷಕ್ಕೆ ಹಲವು ಬೆಳೆ. ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಶೋಚಿಮಿಲ್ಕೊದಲ್ಲಿ ಇಂತಹ ಪಾತಿಗಳು ಇಂದಿಗೂ ಅಷ್ಟಿಷ್ಟು ಉಳಿದಿವೆ. ಆ ಊರಿನ ಹೆಸರಿನ ಅರ್ಥವೇ ಹೂವಿನ ಹೊಲಗಳ ಠಾವು ಎಂದು.

ಸರೋವರದ ಒಂದು ಭಾಗದ ನೀರು ಉಪ್ಪು. ಅದು ಸಿಹಿನೀರಿನ ಕಡೆಗೆ ನುಗ್ಗದಂತೆ ಸುಮಾರು ಹದಿನಾರು ಕಿಲೋಮೀಟರು ಉದ್ದದ ಏರಿಯನ್ನು ಹದಿನೈದನೆಯ ಶತಮಾನದ ನಡುವಿನಲ್ಲಿ ಕಟ್ಟಿದರು. ಅದರ ಯೋಜನೆ ನೆರೆಯ ಟೆಸ್ಕೊಕೊ ನಗರದ ಅರಸು ನೆಸವಲ್ಕೊಯೊಟ್ಲನದು. ಕುಡಿಯುವ ನೀರು ಚಪುಲ್ಟೆಪೆಕ್ ಬೆಟ್ಟದ ಬುಗ್ಗೆಗಳಿಂದ ಜೋಡಿ ಕಾಲುವೆಯ ಮೇಲ್ದಾರಿಯಲ್ಲಿ ಬರುತ್ತಿತ್ತು. ಒಂದನ್ನು ಶುಚಿಮಾಡುವಾಗ ಇನ್ನೊಂದರಲ್ಲಿ ನೀರು ಹರಿಯಲೆಂದು ಎರಡು. ದಡಕ್ಕೂ ದ್ವೀಪಕ್ಕೂ ನಡುವೆ ಅಗಲವಾದ ಸೇತುದಾರಿಗಳು; ನಡುನಡುವೆ ತೆಗೆದುಬಿಡಬಹುದಾದ ಮರದ ಸೇತುವೆಗಳು.

ಇಷ್ಟನ್ನೂ ಸಾಧಿಸಿದ್ದು ಕಬ್ಬಿಣವಿಲ್ಲದೆ, ಎತ್ತು ಕುದುರೆಗಳಿಲ್ಲದೆ, ಗಾಡಿಯಿಲ್ಲದೆ. ಚಕ್ರ ಅವರಿಗೆ ತಿಳಿಯದ್ದೇನೂ ಅಲ್ಲ. ಆ ನಾಡಿನಲ್ಲಿ ದೊರೆತ ಹಳೆಯ ಮಣ್ಣಿನ ಬೊಂಬೆಗಳಲ್ಲಿ ಚಕ್ರಗಳಿವೆ. ಎಳೆಯುವ ಪ್ರಾಣಿಯೇ ಇಲ್ಲದ ಮೇಲೆ ಗಾಡಿಯಿಂದ ಏನು ಪ್ರಯೋಜನ? ಮನುಷ್ಯನ ಬೆನ್ನು ಮತ್ತು ದೋಣಿ—ಇವೆರಡೇ ಅವರ ಸಾಗಣೆಯ ಸಾಧನಗಳು.

ಅವಳಿ ನಗರವಾದ ಟ್ಲಾಟೆಲೊಲ್ಕೊದ ಸಂತೆಯನ್ನು ಕಂಡು ಸ್ಪೇನಿನ ಸಿಪಾಯಿಗಳು ಬಾಯಿಬಿಟ್ಟರು. ದಿನವೂ ಅರವತ್ತು ಸಾವಿರ ಜನ ಸೇರುತ್ತಿದ್ದರೆಂದು ಕೊರ್ಟೆಸ್ ತನ್ನ ಅರಸನಿಗೆ ಬರೆದ. ಒಂದೊಂದು ಸರಕಿಗೆ ಒಂದೊಂದು ಬೀದಿ; ತೂಕ ಅಳತೆಯ ಮೋಸ ಹಿಡಿಯಲು ಮೇಲ್ವಿಚಾರಕರು; ಜಗಳ ತೀರಿಸಲು ಅಲ್ಲಿಯೇ ನ್ಯಾಯಾಧಿಕಾರಿಗಳು. ಚಿಲ್ಲರೆ ನಾಣ್ಯವಾಗಿ ನಡೆಯುತ್ತಿದ್ದುದು ಕೋಕೋ ಬೀಜ. ಅದರಲ್ಲಿಯೂ ತಿರುಳು ತೆಗೆದು ಮಣ್ಣು ತುಂಬಿದ ಖೋಟಾ ಬೀಜಗಳಿದ್ದವೆಂದು ತಿಳಿದಾಗ, ಮನುಷ್ಯಸ್ವಭಾವ ಎಲ್ಲೆಲ್ಲಿಯೂ ಒಂದೇ ಎನ್ನಿಸುತ್ತದೆ. ಈ ಸಂತೆಯನ್ನು ಸ್ಪೇನಿನವರು ಕಂಡದ್ದು 1519ರಲ್ಲಿ. ಅದರ ಹಿಂದುಮುಂದಿನಲ್ಲಿಯೇ, 1520ರ ಸುಮಾರಿಗೆ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ವಿಜಯನಗರವನ್ನು ಕಂಡು ಅದನ್ನು ರೋಮಿಗೆ ಹೋಲಿಸಿ ಬರೆದ. ಐಬೀರಿಯದ ಒಂದೇ ಮೂಲೆಯಿಂದ ಹೊರಟ ಎರಡು ಕವಲುಗಳು ಭೂಮಿಯ ಎರಡು ಕಡೆ ಎರಡು ಮಹಾನಗರಗಳ ಸಂತೆಯಲ್ಲಿ ನಿಂತು ಹೀಗೆ ಬೆರಗಾಗಿದ್ದವು.

ಮಾತು ಮತ್ತು ಮನಸ್ಸು

ಭಾಷೆಯ ಅಧ್ಯಾಪಕನಾದ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ನಾವಾಟ್ಲ್ ಭಾಷೆಯ ನಡೆ. ಅರಸನಿಗೆ ಅವರ ಮಾತು ‘ಟ್ಲಾಟೊವಾನಿ’, ಅಂದರೆ ಮಾತನಾಡುವವನು. ಕತ್ತಿ ಹಿಡಿದವನಲ್ಲ, ಕಿರೀಟ ತೊಟ್ಟವನಲ್ಲ. ಸಭೆಯಲ್ಲಿ ಜನರ ಪರವಾಗಿ ಮಾತನಾಡಬಲ್ಲವನು. ಗೌರವ ತೋರಿಸಲು ಹೆಸರಿನ ಕೊನೆಗೆ ‘ಟ್ಸಿನ್’ ಸೇರಿಸುವುದು ಅವರ ಕ್ರಮ. ನಾವು ‘ಅವರು’ ಸೇರಿಸಿದಂತೆ. ಕೊರ್ಟೆಸನ ದುಭಾಷಿಯಾಗಿದ್ದ ಹೆಣ್ಣುಮಗಳಿಗೆ ಸ್ಪೇನಿನವರು ಮರೀನ ಎಂದು ಹೆಸರಿಟ್ಟರು. ನಾವಾಟ್ಲಿನಲ್ಲಿ ರಕಾರವಿಲ್ಲ, ಮರೀನ ಮಲೀನವಾಗಿ, ಗೌರವದ ಪ್ರತ್ಯಯ ಸೇರಿ ಮಲಿಂಟ್ಸಿನ್ ಆಯಿತು. ಅದನ್ನು ಮತ್ತೆ ಸ್ಪೇನಿನವರ ಕಿವಿ ಮಲಿಂಚೆ ಎಂದು ಹಿಡಿಯಿತು. ಮುಂದೆ ದೇಶದ್ರೋಹಕ್ಕೆ ಪರ್ಯಾಯವೆಂಬಂತೆ ಬಳಕೆಯಾದ ಆ ಹೆಸರಿನೊಳಗೆ, ಅವಳ ಕಾಲದ ಜನ ಅವಳಿಗೆ ಸಲ್ಲಿಸಿದ ಗೌರವ ಅಡಗಿ ಕುಳಿತಿದೆ.

ಎಲ್ಲಕ್ಕಿಂತ ಚೆಲುವಾದದ್ದು ಅವರ ಜೋಡುನುಡಿಗಳು. ನಾವು ಮನೆ-ಮಠ, ಮಳೆ-ಬೆಳೆ ಎನ್ನುವುದಿಲ್ಲವೆ? ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡು ವಸ್ತುಗಳ ಹೆಸರನ್ನು ಜೋಡಿಸಿ ಮೂರನೆಯದೊಂದು ಅರ್ಥವನ್ನು ಹೊಮ್ಮಿಸುತ್ತಿದ್ದರು. ‘ನೀರು, ಬೆಟ್ಟ’ ಎಂದರೆ ಊರು. ನೀರೂ ಬೆಟ್ಟವೂ ಇಲ್ಲದೆ ಊರು ನಿಲ್ಲುವುದಾದರೂ ಹೇಗೆ? ‘ಬಾಲ, ರೆಕ್ಕೆ’ ಎಂದರೆ ಸಾಮಾನ್ಯ ಜನ. ರಾಜ್ಯವೆಂಬ ಹಕ್ಕಿ ಹಾರುವುದು ಅವರಿಂದಲೇ. ‘ಕಪ್ಪು ಮಸಿ, ಕೆಂಪು ಮಸಿ’ ಎಂದರೆ ಗ್ರಂಥ, ಜ್ಞಾನ. ‘ಹೂವು, ಹಾಡು’ ಎಂದರೆ ಕಾವ್ಯ. ನಮ್ಮ ಆಲಂಕಾರಿಕರು ಶಬ್ದಾರ್ಥಗಳ ಕೂಟವೇ ಕಾವ್ಯವೆಂದು ಲಕ್ಷಣ ಹೇಳಿದರು. ಅವರು ಲಕ್ಷಣ ಹೇಳಲಿಲ್ಲ. ಕಾವ್ಯಕ್ಕಿಟ್ಟ ಹೆಸರಿನಲ್ಲಿಯೇ ಕಾವ್ಯ ಬರೆದರು.

ಆ ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ಭಾವ ಬಾಳಿನ ಅನಿತ್ಯತೆ. ಹೂವು ಬಾಡುತ್ತದೆ, ಪಚ್ಚೆ ಒಡೆಯುತ್ತದೆ, ಗರಿ ಹರಿಯುತ್ತದೆ. ಈ ನೆಲದ ಮೇಲೆ ನಾವಿರುವುದು ತುಸುವೇ ಹೊತ್ತು—ಇದು ಅವುಗಳ ಧಾಟಿ. 1402ರಿಂದ 1472ರವರೆಗೆ ಬದುಕಿದ್ದ ನೆಸವಲ್ಕೊಯೊಟ್ಲನ ಹೆಸರಿನಲ್ಲಿ ಇಂತಹ ಹಲವು ಹಾಡುಗಳು ನಡೆದುಬಂದಿವೆ. ಅವೆಲ್ಲ ಆತನೇ ಕಟ್ಟಿದವೆ ಎಂಬ ವಿಷಯದಲ್ಲಿ ಈಚಿನ ವಿದ್ವಾಂಸರು ಸಂಶಯ ಪಡುತ್ತಾರೆ. ಅಂಕಿತ ನೋಡಿ ಕರ್ತೃವನ್ನು ನಿರ್ಣಯಿಸುವ ತೊಡಕು ನಮಗೇನೂ ಹೊಸದಲ್ಲ. ಹಾಡು ಯಾರದಾದರೂ ಆ ಭಾವ ಆ ಜನದ್ದೆಂಬುದರಲ್ಲಿ ಸಂಶಯವಿಲ್ಲ.

ಮಕ್ಕಳು, ಶಾಲೆ, ಪಂಚಾಂಗ

ವಿಜಯದ ಇಪ್ಪತ್ತು ವರ್ಷಗಳ ಅನಂತರ, 1541ರ ಸುಮಾರಿಗೆ, ಅಲ್ಲಿನ ಚಿತ್ರಲೇಖಕರು ಬರೆದ ಗ್ರಂಥವೊಂದು ಆಕ್ಸ್‌ಫರ್ಡಿನ ಬಾಡ್ಲಿಯನ್ ಪುಸ್ತಕಭಂಡಾರದಲ್ಲಿದೆ. ಮೆಂಡೋಜ ಸಂಪುಟವೆಂದು ಅದರ ಹೆಸರು. ಅದರ ಮೊದಲ ಭಾಗದಲ್ಲಿ ಅರಸರ ವಿಜಯಗಳು, ಎರಡನೆಯದರಲ್ಲಿ ಅಧೀನವಾದ ಊರುಗಳು ಕೊಡಬೇಕಾದ ಕಪ್ಪಕಾಣಿಕೆಗಳ ಪಟ್ಟಿ, ಮೂರನೆಯದರಲ್ಲಿ ಹುಟ್ಟಿನಿಂದ ಮುಪ್ಪಿನವರೆಗಿನ ಸಾಮಾನ್ಯ ಬಾಳು. ಮೂರು ವರ್ಷದ ಕೂಸಿಗೆ ಹೊತ್ತಿಗೆ ಅರ್ಧ ರೊಟ್ಟಿ. ನಾಲ್ಕೈದು ವರ್ಷಕ್ಕೆ ಒಂದು. ಆರರಿಂದ ಹನ್ನೆರಡರವರೆಗೆ ಒಂದೂವರೆ. ಹದಿಮೂರಕ್ಕೆ ಎರಡು—ಹೀಗೆ ಪ್ರತಿ ಚಿತ್ರದ ಪಕ್ಕದಲ್ಲಿ ರೊಟ್ಟಿಯನ್ನೂ ಬಿಡಿಸಿದ್ದಾರೆ. ತಂದೆ ಮಗನಿಗೆ ದೋಣಿ ನಡೆಸಲು ಕಲಿಸುತ್ತಾನೆ. ತಾಯಿ ಮಗಳಿಗೆ ನೂಲಲು, ನೇಯಲು ಕಲಿಸುತ್ತಾಳೆ. ಹನ್ನೊಂದು ವರ್ಷದ ತುಂಟನಿಗೆ ಶಿಕ್ಷೆಯೇನು ಗೊತ್ತೆ? ಮೆಣಸಿನಕಾಯಿಯ ಹೊಗೆ! ನಮ್ಮ ಹಳ್ಳಿಗಳಲ್ಲಿ ಈ ಘೋರ ಚಿಕಿತ್ಸೆಯನ್ನು ಕೇಳಿ ಬಲ್ಲವರು ಇನ್ನೂ ಇದ್ದಾರೆ. ಸಂಪುಟದ ಕೊನೆಯಲ್ಲಿ ಎಪ್ಪತ್ತು ತುಂಬಿದ ಮುದುಕ ಮುದುಕಿಯರು ನಿರಾತಂಕವಾಗಿ ಹೆಂಡ ಕುಡಿಯುತ್ತಿದ್ದಾರೆ. ಕುಡಿತಕ್ಕೆ ಕಠಿಣ ಶಿಕ್ಷೆಯಿದ್ದ ಆ ಸಮಾಜದಲ್ಲಿ ಮೊಮ್ಮಕ್ಕಳನ್ನು ಕಂಡ ಹಿರಿಯರಿಗೆ ಮಾತ್ರ ಆ ವಿನಾಯಿತಿ.

ಗಂಡಿರಲಿ ಹೆಣ್ಣಿರಲಿ, ಒಡೆಯರ ಮಕ್ಕಳಿರಲಿ ದುಡಿಯುವವರ ಮಕ್ಕಳಿರಲಿ, ಎಲ್ಲರಿಗೂ ಏನಾದರೊಂದು ಬಗೆಯ ಶಿಕ್ಷಣ ವಿಧಿಯಾಗಿತ್ತು. ಸಾಮಾನ್ಯರ ಹುಡುಗರಿಗೆ ಕೇರಿಯ ಶಾಲೆ. ಅಲ್ಲಿ ಕೆಲಸ, ಯುದ್ಧವಿದ್ಯೆ. ಒಡೆಯರ ಮಕ್ಕಳಿಗೆ ದೇಗುಲಗಳಿಗೆ ಹೊಂದಿದ ‘ಕಾಲ್ಮೆಕಕ್’. ಅಲ್ಲಿ ಉಪವಾಸ, ಜಾಗರಣೆ, ಗ್ರಂಥಪಾಠ. ಹಾಡು ಕುಣಿತಗಳನ್ನು ಕಲಿಸಲು ಹಾಡುಮನೆಯೇ ಬೇರೆ. ಹದಿನೈದನೆಯ ಶತಮಾನದ ಯೂರೋಪಿನಲ್ಲಿ ಇಷ್ಟು ಸಾರ್ವತ್ರಿಕವಾದ ಏರ್ಪಾಡು ಇರಲಿಲ್ಲ.

ಅಡುಗೆಯ ಒಂದು ಗುಟ್ಟನ್ನೂ ಹೇಳಿಬಿಡುತ್ತೇನೆ. ಜೋಳವನ್ನು ಅವರು ಸುಣ್ಣದ ನೀರಿನಲ್ಲಿ ಬೇಯಿಸಿ, ಸಿಪ್ಪೆ ತೊಳೆದು, ಆಮೇಲೆ ಅರೆಯುತ್ತಿದ್ದರು. ಇದರಿಂದ ಕಾಳಿನೊಳಗೆ ಬಂಧಿಯಾಗಿರುವ ಒಂದು ಜೀವಸತ್ತ್ವ ಬಿಡುಗಡೆಯಾಗುತ್ತದೆಂದು ಈಗಿನ ವಿಜ್ಞಾನ ಹೇಳುತ್ತದೆ. ಯೂರೋಪಿನವರು ಜೋಳವನ್ನು ಕೊಂಡೊಯ್ದರು, ಸುಣ್ಣವನ್ನು ಬಿಟ್ಟರು. ಫಲವಾಗಿ, ಜೋಳವೊಂದನ್ನೇ ಉಂಡು ಬದುಕುತ್ತಿದ್ದ ಇಟಲಿ, ಸ್ಪೇನ್‌ಗಳ ಬಡಜನರಲ್ಲಿ ಪೆಲಾಗ್ರ ಎಂಬ ರೋಗ ಹದಿನೆಂಟು-ಹತ್ತೊಂಬತ್ತನೆಯ ಶತಮಾನಗಳಲ್ಲಿ ಹಬ್ಬಿತು. ಬೀಜವನ್ನು ಕೊಂಡು ಅದನ್ನು ಬೆಳೆಸಿದವರ ತಿಳಿವಳಿಕೆಯನ್ನು ತುಚ್ಛವಾಗಿ ಕಂಡದ್ದಕ್ಕೆ ತೆತ್ತ ಬೆಲೆ ಅದು.

ಅವರ ಪಂಚಾಂಗದಲ್ಲಿ ಎರಡು ಗಾಲಿಗಳಿದ್ದವು: 365 ದಿನಗಳ ವರ್ಷ ಒಂದು, 260 ದಿನಗಳ ಪುಣ್ಯಕಾಲಗಣನೆ ಇನ್ನೊಂದು. ಎರಡೂ ಹೊರಟಲ್ಲಿಗೆ ಒಟ್ಟಿಗೆ ಮರಳಬೇಕಾದರೆ 52 ವರ್ಷ ಬೇಕು. ನಮ್ಮ ಅರವತ್ತು ಸಂವತ್ಸರಗಳ ಚಕ್ರದಂತೆ. ಚಕ್ರ ಮುಗಿಯುವ ರಾತ್ರಿ ನಾಡಿನ ಬೆಂಕಿಯನ್ನೆಲ್ಲ ಆರಿಸಿ, ಹಳೆಯ ಮಡಕೆಗಳನ್ನು ಒಡೆದು, ಮಕ್ಕಳನ್ನು ನಿದ್ದೆಹೋಗಗೊಡದೆ ಜನ ಕಾಯುತ್ತಿದ್ದರು. ಕೃತ್ತಿಕೆಯ ಗೊಂಚಲು ನಡುನೆತ್ತಿಯನ್ನು ದಾಟಿತೆಂದರೆ ಲೋಕ ಇನ್ನೊಂದು ಚಕ್ರ ಉಳಿಯಿತೆಂದು ಅರ್ಥ. ಆಗ ಬೆಟ್ಟದ ಮೇಲೆ ಹೊಸ ಬೆಂಕಿ ಕಡೆದು, ಪಂಜಿನಿಂದ ಪಂಜಿಗೆ ಹಚ್ಚಿ ಊರೂರಿಗೆ ಒಯ್ಯುತ್ತಿದ್ದರು. ಕೊನೆಯ ಸಲ ಇದು ನಡೆದದ್ದು 1507ರಲ್ಲಿ. ಆ ಬೆಂಕಿಯನ್ನು ಕಡೆದದ್ದು ಒಬ್ಬ ಸೆರೆಯಾಳಿನ ಎದೆಯ ಮೇಲೆ. ಈ ಮಾತಿನೊಡನೆ ನಾವು ತಪ್ಪಿಸಿಕೊಳ್ಳಲಾಗದ ಪ್ರಶ್ನೆಗೆ ಬಂದೆವು.

ಬಲಿಯ ಪ್ರಶ್ನೆ

ಪರರ ಆಳ್ವಿಕೆಯನ್ನು ಉಂಡು ತಿಳಿದ ನಮ್ಮಂಥವರಿಗೆ ಒಂದು ಸೆಳೆತವುಂಟು: ನರಬಲಿಯೆಂಬುದೆಲ್ಲ ಗೆದ್ದವರು ಕಟ್ಟಿದ ಅಪವಾದವೆಂದು ತಳ್ಳಿಹಾಕುವುದು. ಅದು ಸಾಧ್ಯವಿಲ್ಲ. 1978ರ ಫೆಬ್ರವರಿಯಲ್ಲಿ ಮೆಕ್ಸಿಕೊ ನಗರದ ನಡುಬೀದಿಯಲ್ಲಿ ವಿದ್ಯುತ್ ಇಲಾಖೆಯ ಕೆಲಸಗಾರರು ನೆಲ ಅಗೆಯುವಾಗ ಕೊಯೊಲ್ಶಾವ್ಕಿ ಎಂಬ ದೇವತೆಯ ಭಾರಿ ಕಲ್ಲು ಸಿಕ್ಕಿತು. ಅಲ್ಲಿಂದ ಎದ್ವಾರ್ದೊ ಮಾತೋಸ್ ಮೊಕ್ಟೆಸುಮರ ನೇತೃತ್ವದಲ್ಲಿ ಉತ್ಖನನ ನಡೆದು, ಮಳೆಯ ದೇವರು ಟ್ಲಾಲೊಕ್ ಮತ್ತು ಯುದ್ಧದ ದೇವರು ವಿಟ್ಸಿಲೊಪೊಚ್ಟ್ಲಿ ಇಬ್ಬರಿಗೂ ಸೇರಿದ್ದ ಮಹಾದೇಗುಲ ಬೆಳಕಿಗೆ ಬಂತು. 2015ರಲ್ಲಿ ಅದರ ಬಳಿಯೇ ತಲೆಬುರುಡೆಗಳ ಗೋಪುರ ಕಾಣಿಸಿತು. 2020ರ ಹೊತ್ತಿಗೆ ಎಣಿಕೆ ಆರು ನೂರನ್ನು ದಾಟಿತ್ತು. ಅವುಗಳಲ್ಲಿ ಹೆಂಗಸರದೂ ಮಕ್ಕಳದೂ ಇದ್ದವು.

ಆದರೆ ಇನ್ನೊಂದು ಪಕ್ಕವನ್ನೂ ನೋಡಬೇಕು. 1487ರಲ್ಲಿ ಈ ದೇಗುಲದ ಪ್ರತಿಷ್ಠೆಯ ನಾಲ್ಕು ದಿನಗಳಲ್ಲಿ ಎಂಬತ್ತು ಸಾವಿರಕ್ಕೂ ಮಿಕ್ಕಿ ಬಲಿಯಾಯಿತೆಂದು ಹಳೆಯ ಬರಹಗಳು ಹೇಳುತ್ತವೆ. ರಾತ್ರಿ ಹಗಲೂ ಬಿಡದೆ ನಡೆದರೂ ನಿಮಿಷಕ್ಕೆ ಹದಿನಾಲ್ಕರಂತೆ ಆಗಬೇಕು! ಇದನ್ನು ಈಗ ಯಾವ ಇತಿಹಾಸಕಾರನೂ ಒಪ್ಪುವುದಿಲ್ಲ. ಸಂಖ್ಯೆಯನ್ನು ಉಬ್ಬಿಸುವುದರಲ್ಲಿ ಭಯ ಹುಟ್ಟಿಸಬಯಸಿದ ಅಜ್ಟೆಕರಿಗೂ ಲಾಭವಿತ್ತು, ತಮ್ಮ ವಿಜಯಕ್ಕೆ ಧರ್ಮದ ಹೊದಿಕೆ ಹೊದಿಸಬಯಸಿದ ಸ್ಪೇನಿನವರಿಗೂ ಲಾಭವಿತ್ತು.

ಏಕೆ ಕೊಡುತ್ತಿದ್ದರು? ಅವರ ಪುರಾಣದಲ್ಲಿ ನಾಲ್ಕು ಸೂರ್ಯರ ಯುಗಗಳು ನಾಶವಾದವು. ಐದನೆಯ ಸೂರ್ಯನನ್ನು ಚಲಿಸುವಂತೆ ಮಾಡಲು ದೇವತೆಗಳೇ ಟಿಯೊಟಿವಾಕಾನಿನಲ್ಲಿ ತಮ್ಮನ್ನು ಬಲಿಕೊಟ್ಟುಕೊಂಡರು. ಹಾಗಾಗಿ ಮನುಷ್ಯನು ಹುಟ್ಟಿನಿಂದಲೇ ಸಾಲಗಾರ. ಬಲಿಗೆ ಅವರ ಭಾಷೆಯಲ್ಲಿದ್ದ ಮಾತಿನ ಅರ್ಥ ‘ಸಾಲ ತೀರಿಸುವುದು’. ದೇವಋಣದ ಕಲ್ಪನೆ ನಮಗೂ ಅಪರಿಚಿತವಲ್ಲ. ಆದರೆ ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: ಸಾಲ ಎಲ್ಲರದು, ತೀರಿಸಿದವರು ಯಾರು? ಹೆಚ್ಚಾಗಿ ಸೆರೆಸಿಕ್ಕ ಹೊರಗಿನವರು, ಕೊಂಡು ತಂದ ಗುಲಾಮರು. ಒಂದು ಉನ್ನತ ಕಲ್ಪನೆಯ ಭಾರವನ್ನು ದುರ್ಬಲರ ಹೆಗಲಿಗೆ ದಾಟಿಸುವ ವಿದ್ಯೆ ಅಜ್ಟೆಕರಿಗೆ ಮಾತ್ರ ತಿಳಿದದ್ದಲ್ಲ. ಅದೇ ಕಾಲದ ಸ್ಪೇನಿನಲ್ಲಿ ಮತದ ಹೆಸರಿನಲ್ಲಿ ಮನುಷ್ಯರನ್ನು ಕಂಬಕ್ಕೆ ಕಟ್ಟಿ ಸುಡುತ್ತಿದ್ದರು. ಒಂದರ ಪಾಪ ಇನ್ನೊಂದರಿಂದ ತೊಳೆಯುವುದಿಲ್ಲ. ಆದರೆ ನ್ಯಾಯ ಹೇಳಲು ಕುಳಿತವನ ಕೈಯನ್ನೂ ನೋಡುವುದು ಒಳ್ಳೆಯದು.

ಗೆದ್ದವರು ಯಾರು?

1428ರಲ್ಲಿ ಅಜ್ಟೆಕ್ ಅರಸು ಇಟ್ಸ್‌ಕೊವಾಟ್ಲ್, ಟೆಸ್ಕೊಕೊ ಮತ್ತು ಟ್ಲಾಕೊಪಾನ್ ನಗರಗಳ ಜೊತೆಗೂಡಿ ತಮ್ಮ ಮೇಲಿನ ಒಡೆಯರನ್ನು ಕೆಡವಿದ. ಅಲ್ಲಿಂದ ಒಂದು ಶತಮಾನ ತುಂಬುವುದರೊಳಗೆ ಈ ತ್ರಿಕೂಟದ ಕಪ್ಪ ಎರಡು ಸಾಗರಗಳ ಕರಾವಳಿಗಳನ್ನೂ ಮುಟ್ಟಿತು. ಜೋಳ, ಹತ್ತಿಯ ಬಟ್ಟೆ, ಗರಿ, ಕೋಕೋ, ಚಿನ್ನ—ಮೆಂಡೋಜ ಸಂಪುಟದ ಪಟ್ಟಿಯನ್ನು ನೋಡಿದರೆ ಟೆನೊಚ್ಟಿಟ್ಲಾನಿನ ವೈಭವಕ್ಕೆ ಬೆಲೆ ತೆತ್ತವರಾರೆಂಬುದು ತಿಳಿಯುತ್ತದೆ. ನಾಲ್ಕು ದಿಕ್ಕಿನಲ್ಲಿಯೂ ಮುತ್ತಿಗೆಗೆ ಸಿಕ್ಕಿ, ಉಪ್ಪೂ ಹತ್ತಿಯೂ ದೊರೆಯದೆ, ಆದರೂ ಮಣಿಯದೆ ನಿಂತಿದ್ದ ಟ್ಲಾಷ್ಕಾಲ ರಾಜ್ಯದ ದ್ವೇಷ ಸಹಜವಾದದ್ದೇ.

1519ರಲ್ಲಿ ಕೊರ್ಟೆಸನೊಡನೆ ಬಂದಿಳಿದ ಸಿಪಾಯಿಗಳು ಸುಮಾರು ಐನೂರು. ಈ ಐನೂರು ಜನ ಒಂದು ಸಾಮ್ರಾಜ್ಯವನ್ನು ಕೆಡವಿದರೆಂಬ ಕಥೆಯನ್ನು ನಾವು ಪಾಠಪುಸ್ತಕಗಳಲ್ಲಿ ಓದಿದೆವು. ಕೆಡವಿದವರು ಅವರಲ್ಲ. ಟ್ಲಾಷ್ಕಾಲವೇ ಮೊದಲಾದ ನಾಡುಗಳ ಹತ್ತಾರು ಸಾವಿರ ಯೋಧರು ಅವರ ಜೊತೆಗಿದ್ದರು. ಅವರಿಗಿಂತ ದೊಡ್ಡ ಸೈನ್ಯ ಕಣ್ಣಿಗೆ ಕಾಣದ್ದು: 1520ರ ಶರತ್ಕಾಲದಲ್ಲಿ ನಗರಕ್ಕೆ ಸಿಡುಬು ಹೊಕ್ಕಿತು. ಆ ರೋಗವನ್ನು ಹಿಂದೆಂದೂ ಕಾಣದ ಜನ ಸಾಲುಸಾಲಾಗಿ ಬಿದ್ದರು. ಮೊಕ್ಟೆಸುಮನ ಅನಂತರ ಪಟ್ಟಕ್ಕೆ ಬಂದ ಕ್ವಿಟ್ಲಾವಾಕನೂ ಮೂರು ತಿಂಗಳು ತುಂಬುವ ಮೊದಲೇ ಅದಕ್ಕೆ ಬಲಿಯಾದ. ಎರಡೂವರೆ ತಿಂಗಳ ಮುತ್ತಿಗೆಯ ಮೇಲೆ 1521ರ ಆಗಸ್ಟ್ 13ರಂದು ನಗರ ಬಿತ್ತು. ಕೊನೆಯ ಅರಸು ಕ್ವಾವ್ಟೆಮೊಕ್ ಸೆರೆಸಿಕ್ಕ.

ಮೊಕ್ಟೆಸುಮ ಕೊರ್ಟೆಸನನ್ನು ಮರಳಿ ಬಂದ ದೇವರು ಕ್ವೆಟ್ಸಲ್ಕೊವಾಟ್ಲನೆಂದು ನಂಬಿ ಕೈಚೆಲ್ಲಿದನೆಂಬ ಕಥೆಯೂ ಪ್ರಸಿದ್ಧವಾಗಿದೆ. ಕೊರ್ಟೆಸನ ಸ್ವಂತ ಪತ್ರಗಳಲ್ಲಿ ಆ ದೇವರ ಹೆಸರೇ ಇಲ್ಲ. ಈ ಕಥೆ ಬರಹಕ್ಕೆ ಬಂದದ್ದು ದಶಕಗಳು ಕಳೆದ ಮೇಲೆ. ಸೋತವರು ಮೂಢರಾಗಿದ್ದರೆಂದು ನಂಬುವುದು ಗೆದ್ದವರಿಗೆ ಹಿತ. ಪೂರ್ವಿಕರ ಸೋಲಿಗೆ ವಿಧಿಯ ಕಾರಣ ಸಿಕ್ಕುವುದು ಸೋತವರ ಮಕ್ಕಳಿಗೂ ಒಂದು ಸಮಾಧಾನ. ಹೀಗೆ ಕಥೆ ಎರಡು ಕಡೆಯಿಂದಲೂ ನೀರುಂಡು ಬೆಳೆಯಿತು.

ಉಳಿದ ಮಸಿ

ಅನಂತರದ ಒಂದು ಶತಮಾನದಲ್ಲಿ ಪಿಡುಗಿನ ಮೇಲೆ ಪಿಡುಗು ಬಂದು, ದುಡಿತದ ಹೊರೆ ಸೇರಿ, ಮೂಲನಿವಾಸಿಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ಪಾಲು ಜನ ಅಳಿದುಹೋದರೆಂದು ಹಲವರು ಲೆಕ್ಕ ಹಾಕಿದ್ದಾರೆ. ಜನರೊಡನೆ ಗ್ರಂಥಗಳೂ ಹೋದವು. ಅತ್ತಿ-ಆಲಗಳ ಬಳಗದ ಮರದ ತೊಗಟೆಯಿಂದ ಮಾಡಿದ ಕಾಗದದ ಮೇಲೆ, ಕೆಲವೊಮ್ಮೆ ಜಿಂಕೆಯ ಚರ್ಮದ ಮೇಲೆ, ಚಿತ್ರಲಿಪಿಯಲ್ಲಿ ಬರೆದು, ನಮ್ಮ ಹಿಂದಿನ ಕಾಲದ ಕಡತಗಳಂತೆ ಮಡಿಕೆಮಡಿಕೆಯಾಗಿ ಮಡಿಸಿಟ್ಟ ಪುಸ್ತಕಗಳು ಅವು. 1562ರಲ್ಲಿ ಮಾನಿ ಎಂಬ ಊರಿನಲ್ಲಿ ಪಾದ್ರಿ ದಿಯೆಗೊ ದೆ ಲಾಂಡ ಮಾಯಾ ಗ್ರಂಥಗಳ ರಾಶಿಗೆ ಬೆಂಕಿಯಿಟ್ಟ. ಇಂದು ಇಡೀ ಲೋಕದಲ್ಲಿ ಉಳಿದಿರುವ ಪ್ರಾಚೀನ ಮಾಯಾ ಗ್ರಂಥಗಳು ನಾಲ್ಕೇ ನಾಲ್ಕು. ಅಜ್ಟೆಕರ ನಡುನಾಡಿನಿಂದ ನಿರ್ವಿವಾದವಾಗಿ ವಿಜಯಪೂರ್ವದ್ದೆನ್ನಬಹುದಾದ ಒಂದು ಪುಸ್ತಕವೂ ಉಳಿದಿಲ್ಲ.

ಆದರೆ ಗ್ರಂಥ ಸುಟ್ಟವರಲ್ಲಿ ಸ್ಪೇನಿನವರು ಮೊದಲಿಗರಲ್ಲ. ಇಟ್ಸ್‌ಕೊವಾಟ್ಲನೇ ತನ್ನ ವಿಜಯದ ಮೇಲೆ ಹಳೆಯ ಇತಿಹಾಸದ ಪುಸ್ತಕಗಳನ್ನು ಸುಡಿಸಿದನೆಂದು ಅವನ ಜನರ ವಂಶಸ್ಥರೇ ಹೇಳಿ ಬರೆಸಿದ್ದಾರೆ. ತಮ್ಮ ಕುಲದ ಹಿರಿಮೆಗೆ ಒಪ್ಪದ ಹಳೆಯ ನೆನಪುಗಳು ಜನರ ಕೈಯಲ್ಲಿರಬಾರದೆಂಬುದು ಆಳುವವರ ಎಣಿಕೆ. ಅಧಿಕಾರಕ್ಕೆ ಬಂದವರಿಗೆ ಮಸಿಯ ಭಯ ಎಂದಿನಿಂದಲೂ ಇದ್ದದ್ದೇ.

ಈ ಸಂಗತಿ ನಮಗೆ ತಿಳಿದುಬಂದದ್ದಾದರೂ ಹೇಗೆ? ಇಲ್ಲಿ ಒಬ್ಬ ಪಾದ್ರಿಯನ್ನು ಕೃತಜ್ಞತೆಯಿಂದ ನೆನೆಯಬೇಕು. 1529ರಲ್ಲಿ ಮೆಕ್ಸಿಕೊಗೆ ಬಂದ ಬರ್ನಾರ್ದಿನೊ ದೆ ಸಾಹಗೂನ್, ಮತಾಂತರಕ್ಕೆ ಅನುಕೂಲವಾಗಲೆಂದೇ ಅಲ್ಲಿನ ಭಾಷೆ ಕಲಿತ. ಆದರೆ ಕಲಿತವನನ್ನು ಭಾಷೆ ಹಿಡಿದುಕೊಂಡಿತು. ಟ್ಲಾಟೆಲೊಲ್ಕೊದ ವಿದ್ಯಾಶಾಲೆಯಲ್ಲಿ ಲ್ಯಾಟಿನ್, ಸ್ಪ್ಯಾನಿಷ್, ನಾವಾಟ್ಲ್ ಮೂರನ್ನೂ ಬಲ್ಲ ಅಲ್ಲಿನ ತರುಣರೊಡನೆ ಕುಳಿತು, ಮುದುಕರನ್ನು ಕೇಳಿ ಕೇಳಿ, ದಶಕಗಳ ಕಾಲ ಬರೆಸಿದ. ಆಂಟೊನಿಯೊ ವಲೇರಿಯಾನೊ ಮೊದಲಾದ ಆ ಶಿಷ್ಯರ ಹೆಸರುಗಳನ್ನೂ ಮರೆಯದೆ ದಾಖಲಿಸಿದ. ದೇವತೆಗಳು, ಹಬ್ಬಗಳು, ಗಿಡಮೂಲಿಕೆಗಳು, ಸಂತೆ, ಸೂಲಗಿತ್ತಿ ಕೂಸಿಗೆ ಹೇಳುವ ಬುದ್ಧಿಮಾತು, ಕೊನೆಗೆ ನಗರದ ಪತನ—ಹನ್ನೆರಡು ಭಾಗಗಳು, ಒಂದು ಪಕ್ಕದಲ್ಲಿ ನಾವಾಟ್ಲ್, ಇನ್ನೊಂದು ಪಕ್ಕದಲ್ಲಿ ಸ್ಪ್ಯಾನಿಷ್. 1576ರ ಭಯಂಕರ ಪಿಡುಗಿನ ನಡುವೆ, ಸುತ್ತಲೂ ಜನ ಸಾಯುತ್ತಿರುವಾಗಲೇ ಈ ಪ್ರತಿ ಸಿದ್ಧವಾಗುತ್ತಿತ್ತು. 1577ರಲ್ಲಿ ಅರಸನಿಂದ ಆಜ್ಞೆ ಬಂತು: ಇಂತಹ ಬರಹಗಳು ಬೇಡ, ಇರುವುದನ್ನು ವಶಪಡಿಸಿಕೊಳ್ಳಿ ಎಂದು. ಆದರೂ ಗ್ರಂಥ ಉಳಿಯಿತು. ಇಂದು ಅದು ಇಟಲಿಯ ಫ್ಲಾರೆನ್ಸಿನಲ್ಲಿದೆ.

ಆ ಜನ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಪಾದ್ರಿಗಳು ಕಲಿಸಿದ ರೋಮನ್ ಅಕ್ಷರಗಳನ್ನು ತಮ್ಮ ಭಾಷೆಗೆ ಒಗ್ಗಿಸಿಕೊಂಡು, ಊರಿನ ಸಭೆಯ ನಡವಳಿಗಳನ್ನು, ಮರಣಶಾಸನಗಳನ್ನು, ಜಮೀನಿನ ವ್ಯಾಜ್ಯಗಳನ್ನು ಎರಡು ಶತಮಾನಕ್ಕೂ ಹೆಚ್ಚು ಕಾಲ ನಾವಾಟ್ಲಿನಲ್ಲಿಯೇ ಬರೆದಿಟ್ಟರು. 1579ರಲ್ಲಿ ಹುಟ್ಟಿದ ಚಿಮಲ್ಪಾಹಿನ್ ಎಂಬಾತ ಹಳೆಯ ಚಿತ್ರಗ್ರಂಥಗಳನ್ನೂ ಹಿರಿಯರ ಮಾತುಗಳನ್ನೂ ಕೂಡಿಸಿ ತನ್ನ ಜನರ ವರ್ಷಾನುಕ್ರಮ ಚರಿತ್ರೆಯನ್ನು ಬರೆದ. ಅದರ ಜೊತೆಗೆ ತನ್ನ ಕಾಲದಲ್ಲಿ ಜಪಾನಿನಿಂದ ಮೆಕ್ಸಿಕೊಗೆ ಬಂದವರ ಉಡುಪನ್ನೂ ಬಣ್ಣಿಸಿದ. ಬರೆದದ್ದು ಆಳುವವರ ಭಾಷೆಯಲ್ಲಲ್ಲ, ತಾಯಿನುಡಿಯಲ್ಲಿ. ಮುಂದೆ ಹುಟ್ಟುವವರು ಓದಲಿ ಎಂಬ ನಂಬಿಕೆಯಿಂದ. ಆತ ಬದುಕಿದ್ದಾಗ ಅದು ಅಚ್ಚಾಗಲಿಲ್ಲ. ಮೆಕ್ಸಿಕೊದಲ್ಲಿ ಗರಿಬಾಯ್, ಮಿಗೆಲ್ ಲೆಯೋನ್-ಪೊರ್ಟಿಯ ಮೊದಲಾದವರು ಇಪ್ಪತ್ತನೆಯ ಶತಮಾನದಲ್ಲಿ ಇಂತಹ ನಾವಾಟ್ಲ್ ಬರಹಗಳನ್ನು ಬಿಡಿಸಿ ಓದಿ ಲೋಕಕ್ಕೆ ತಿಳಿಸಿದರು. 1959ರಲ್ಲಿ ಲೆಯೋನ್-ಪೊರ್ಟಿಯ ಪ್ರಕಟಿಸಿದ, ಸೋತವರ ಕಣ್ಣಿನಿಂದ ಕಂಡ ವಿಜಯದ ಕಥೆ ಅನೇಕ ಭಾಷೆಗಳಿಗೆ ಹೋಯಿತು.

ಅಜ್ಟೆಕರು ಅಳಿದುಹೋದ ಜನಾಂಗವೆಂದು ನಮ್ಮಲ್ಲಿ ಸಾಮಾನ್ಯವಾಗಿ ಹೇಳುತ್ತೇವೆ. ಅಳಿದದ್ದು ರಾಜ್ಯ. 2020ರ ಜನಗಣತಿಯಂತೆ ಮೆಕ್ಸಿಕೊದಲ್ಲಿ ಹದಿನಾರು ಲಕ್ಷಕ್ಕೂ ಮಿಕ್ಕ ಜನ ನಾವಾಟ್ಲ್ ಆಡುತ್ತಾರೆ; ಮಾಯಾ ಭಾಷೆಗಳನ್ನು ಆಡುವವರು ಮೆಕ್ಸಿಕೊ, ಗ್ವಾಟೆಮಾಲಗಳಲ್ಲಿ ಲಕ್ಷಗಟ್ಟಲೆ ಇದ್ದಾರೆ. ದೇಗುಲ ಬಿತ್ತು, ಸರೋವರ ಬತ್ತಿತು, ಕಪ್ಪದ ಪಟ್ಟಿ ಪರದೇಶದ ಪುಸ್ತಕಭಂಡಾರ ಸೇರಿತು. ಮನೆಯಲ್ಲಿ ಮಕ್ಕಳೊಡನೆ ಆಡುವ ಮಾತು ಮಾತ್ರ ಐನೂರು ವರ್ಷಗಳ ಪರರ ಆಳ್ವಿಕೆಯನ್ನೂ ಬಡತನವನ್ನೂ ದಾಟಿ ಬಂದಿದೆ. ಆ ಜನರ ಚರಿತ್ರೆಯನ್ನು ಇನ್ನು ಮೇಲೆ ಓದುವವರು ಕೊರ್ಟೆಸನ ಪತ್ರಗಳ ಪಕ್ಕದಲ್ಲಿ ಚಿಮಲ್ಪಾಹಿನನ ಪುಟಗಳನ್ನೂ ಇಟ್ಟುಕೊಂಡು ಓದಬೇಕು. ಆಗ ಅವರ ತಪ್ಪುಗಳೂ ಕಾಣುತ್ತವೆ, ಅವರ ಹಿರಿಮೆಯೂ ಕಾಣುತ್ತದೆ. ಎರಡನ್ನೂ ಅವರ ಮಾತಿನಲ್ಲಿಯೇ ಕೇಳಿದಂತಾಗುತ್ತದೆ.